ನಿಮಿಷದಕ್ಕ

ಹೋಟೆಲಿನ ನೆಲಮಾಳಿಗೆಯಲ್ಲಿದ್ದ ಲಾಂಡ್ರಿಯಲ್ಲಿ ಅವಳಿಗೆ ಹದಿನಾಲ್ಕು ವರ್ಷ ಸರ್ವೀಸಾಗಿತ್ತು. ಬಿಸಿ ರೋಲರಿನಿಂದ ಹೊರಬರುವ ಹಾಸಿಗೆ ಹೊದಿಕೆಯ ಎರಡು ತುದಿ ಹಿಡಿದು ಎದುರಿನವಳ ಜೊತೆ ಮಡಚುವುದು ಅವಳ ಕೆಲಸ. ಎದುರಿಗೆ ನಿಲ್ಲುತ್ತಿದ್ದವಳು ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಹೆಂಗಸು. ಅವಳನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಇವಳಿಗೆ ಬಿದ್ದ ಹೆಸರು ನಿಮಿಷದಕ್ಕ.

ಹೆಸರು ಸುಮ್ಮನೆ ಬಿದ್ದದ್ದಲ್ಲ. ಹೊರದೇಶಕ್ಕೆ ಫೋನ್ ಮಾಡುವವರು ಯಾರೇ ಇರಲಿ, ಪಾತ್ರೆ ತೊಳೆಯುವವನಿಂದ ಹಿಡಿದು ಲಿಫ್ಟಿನವನವರೆಗೆ, ಕಾರ್ಡು ಕೊಳ್ಳುವ ಮೊದಲು ಇವಳ ಹತ್ತಿರ ಬರುತ್ತಿದ್ದರು. ಯಾವ ಕಂಪನಿ ನಿಮಿಷಕ್ಕೆ ಕಡಿಮೆ ಹೇಳಿ, ಫೋನ್ ಎತ್ತಿದ ಕೂಡಲೇ ಸಂಪರ್ಕ ಶುಲ್ಕ ಅಂತ ಕಿತ್ತುಕೊಳ್ಳುತ್ತದೆ. ಯಾವುದು ಹತ್ತು ಸೆಕೆಂಡು ಮಾತಾಡಿದರೂ ಪೂರ್ತಿ ನಿಮಿಷ ಲೆಕ್ಕ ಹಿಡಿಯುತ್ತದೆ. ಯಾವುದರಲ್ಲಿ ಉಳಿದ ನಿಮಿಷಗಳು ಹದಿನೈದನೇ ದಿನಕ್ಕೆ ಹೇಳದೆ ಕೇಳದೆ ಮಾಯವಾಗುತ್ತವೆ. ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು. "ನೂರು ನಿಮಿಷ ಅಂತ ದಪ್ಪಕ್ಷರದಲ್ಲಿ ಬರೆದಿರ್ತಾರೆ. ಸೊಳ್ಳೆ ಕಾಲಿನಷ್ಟು ಸಣ್ಣ ಅಕ್ಷರ ಕೆಳಗಡೆ ಇರುತ್ತಲ್ಲ, ಅದನ್ನ ಮೊದಲು ಓದು," ಎನ್ನುತ್ತಿದ್ದಳು. ಒಮ್ಮೆ ನೂರು ನಿಮಿಷದ ಕಾರ್ಡನ್ನು ಅಡುಗೆಮನೆಯ ಗಡಿಯಾರ ಮುಂದಿಟ್ಟುಕೊಂಡು ಅಳೆದಿದ್ದಳು. ಸಿಕ್ಕಿದ್ದು ಅರವತ್ತಮೂರು. ಅಂಗಡಿಯವನಿಗೆ ಹೇಳಿದರೆ ಅವನು, "ಕಾರ್ಡು ಮಾರೋದು ನಾನು, ಮಾತಾಡೋದು ನೀನು," ಎಂದು ಕೈ ತೊಳೆದುಕೊಂಡ.

ಈ ತಲೆಬಿಸಿಯೆಲ್ಲ ಒಬ್ಬನೇ ತಮ್ಮನಿಗಾಗಿ. ಅವಳಿಗಿಂತ ಆರು ವರ್ಷ ಚಿಕ್ಕವನು. ಬೇರೆ ದೇಶದಲ್ಲಿ, ಅಡುಗೆಮನೆ ಕಟ್ಟೆಗೆ ಹಾಸುವ ಕೃತಕ ಕಲ್ಲಿನ ಹಲಗೆಗಳನ್ನು ಅಳತೆಗೆ ಕೊಯ್ಯುವ ಕಾರ್ಖಾನೆಯಲ್ಲಿದ್ದ. ಇನ್ನು ನಾಲ್ವರ ಜೊತೆ ಒಂದು ಕೋಣೆಯಲ್ಲಿ ವಾಸ. ಅವನಿಗೆ ಹುಟ್ಟಿನಿಂದ ಉಗ್ಗು. ಎದುರಿಗೆ ಕೂತರೆ ಕಣ್ಣು, ಕೈ, ಹುಬ್ಬು ಸೇರಿ ಹೇಗೋ ದಾಟಿಸುತ್ತಿದ್ದ. ಫೋನಿನಲ್ಲಿ ಬರೀ ಬಾಯಿ. ಒಂದು ವಾಕ್ಯಕ್ಕೆ ಒಂದು ನಿಮಿಷ ಬೇಕಾಗುತ್ತಿತ್ತು, ನಿಮಿಷ ಓಡುತ್ತಿದೆ ಎಂದು ಗೊತ್ತಾದರೆ ಎರಡು.

ಚಿಕ್ಕಂದಿನಿಂದ ಅವನ ಬಾಯಿ ಅವಳೇ. ಒಂದೇ ಕೋಣೆಯ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೂ, ನೆಂಟರು ವಿಚಾರಿಸಿದರೂ, ಅವನು ಮೊದಲಕ್ಷರ ಹಿಡಿದು ಒದ್ದಾಡುತ್ತಿರುವಾಗಲೇ ಇವಳು ಪದ ಮುಗಿಸಿಬಿಡುತ್ತಿದ್ದಳು. ದೊಡ್ಡವನಾದ ಮೇಲೂ ಅದು ತಪ್ಪಲಿಲ್ಲ. ಫೋನಿನಲ್ಲಂತೂ ಅದು ಉಳಿತಾಯದ ದಾರಿಯೂ ಆಯಿತು.

ಪ್ರತಿ ಭಾನುವಾರ ಮಧ್ಯಾಹ್ನ ಅವಳು ಮಹಡಿ ಮೆಟ್ಟಿಲ ಮೇಲೆ ಕೂತು ಫೋನ್ ಮಾಡುತ್ತಿದ್ದಳು. ಗಂಡ ರಾತ್ರಿ ಪಾಳಿಯ ಕಾವಲುಗಾರ, ಹಗಲು ಮಲಗುತ್ತಿದ್ದ. ಇದ್ದ ಒಂದೇ ಕೋಣೆಯಲ್ಲಿ ಮಾತಾಡುವಂತಿರಲಿಲ್ಲ.

ಚಳಿ ಶುರುವಾಗುವ ಹೊತ್ತಿನ ಒಂದು ಭಾನುವಾರ ತಮ್ಮ ಫೋನ್ ಎತ್ತಿದವನೇ ಏನೋ ಹೇಳಲು ಹೊರಟ.

"ಅಕ್ಕ, ನಂಗೆ ಉ... ಉ... ಉ..."

"ಊಟನಾ?"

ಆ ಕಡೆಯಿಂದ ಮತ್ತೆ "ಉ... ಉ..." ಎಂಬ ಒದ್ದಾಟ. ಕಾರ್ಡಿನಲ್ಲಿ ನಾಲ್ಕು ನಿಮಿಷ ಉಳಿದಿತ್ತು.

"ಊಟ ಸರಿಹೋಗ್ತಿಲ್ವಾ? ಅದೇ ಅಂದ್ಕೊಂಡೆ. ಐದು ಜನ ಸರದಿ ಪ್ರಕಾರ ಬೇಯ್ಸಿದ್ರೆ ಹಿಂಗೇ ಆಗೋದು. ಬೇರೆ ಒಲೆ ಇಟ್ಕೋ."

ಅವನು "ಹೂಂ" ಎಂದ.

ಮುಂದಿನ ಮೂರು ಭಾನುವಾರವೂ ಅವಳು ಬೇಳೆ ಎಷ್ಟು ಹೊತ್ತು ನೆನೆಯಬೇಕು, ಕಡಿಮೆ ಎಣ್ಣೆಯಲ್ಲಿ ತರಕಾರಿ ಹೇಗೆ ಬಾಡಿಸಬೇಕು ಎಂದು ಹೇಳಿಕೊಟ್ಟಳು. ಅವನು ಎಲ್ಲಕ್ಕೂ ಹೂಂಗುಟ್ಟಿದ. ನಡುವೆ ಕೆಮ್ಮಿದ. ಚಳಿಗೆ ಇರಬೇಕು ಎಂದುಕೊಂಡಳು.

ಆ ತಿಂಗಳೇ ಹೋಟೆಲಿಗೆ ಹೊಸದಾಗಿ ಬಂದ ಕಿಟಕಿ ಒರೆಸುವವನೊಬ್ಬ ಮಾತಿನ ಮಧ್ಯೆ, "ಅಕ್ಕ, ನೀವು ಯಾಕೆ ಈ ಕಡೆಯಿಂದ ಮಾಡ್ತೀರ? ಆ ದೇಶದಿಂದ ಈ ಕಡೆಗೆ ಬಿಟ್ಟಿ ಇದ್ದ ಹಾಗೆ," ಎಂದ. ಅವಳು ನಂಬಲಿಲ್ಲ. ಅವನು ಆ ದೇಶದಲ್ಲೇ ಇದ್ದ ತನ್ನ ಅಣ್ಣನ ಪ್ಲಾನಿನ ಚೀಟಿ ತೋರಿಸಿದ: ಅಲ್ಲಿಯ ಒಂದು ಸಣ್ಣ ಕಂಪನಿ, ಆರಿಸಿಕೊಂಡ ಒಂದು ಹೊರದೇಶದ ನಂಬರಿಗೆ ಇಪ್ಪತ್ತೆಂಟು ದಿನ ಎಷ್ಟು ಬೇಕಾದರೂ ಮಾತು. ಅವಳು ಸಣ್ಣ ಅಕ್ಷರವನ್ನು ಮೂರು ಸಲ ಓದಿದಳು. ಮೋಸವಿರಲಿಲ್ಲ. ಒಂಬತ್ತು ವರ್ಷ ಅವಳು ಈ ಕಡೆಯ ಅಂಗಡಿಗಳನ್ನೆಲ್ಲ ಜಾಲಾಡಿದ್ದಳು. ಅಗ್ಗದ ನಿಮಿಷಗಳು ಆ ಕಡೆ ಬಿದ್ದಿದ್ದವು.

ತಮ್ಮನ ಕೋಣೆಯಲ್ಲಿದ್ದ ಲಾರಿ ಡ್ರೈವರ್ ಒಬ್ಬ ಓಡಾಡುವ ಮನುಷ್ಯ. ಅವನಿಗೆ ಹೇಳಿ ಆ ಸಿಮ್ ಹಾಕಿಸಿದಳು. ಮೊದಲ ಭಾನುವಾರ ತಮ್ಮನೇ ಫೋನ್ ಮಾಡಿದ.

"ನೋಡೋ, ಇವತ್ತು ಗಡಿಯಾರದ ಕಾಟ ಇಲ್ಲ," ಎಂದಳು ಅವಳು. "ಸಂಜೆ ತನಕ ಮಾತಾಡು. ನಾನು ಬಾಯಿ ಹಾಕಲ್ಲ."

ಬಾಯಿ ಹಾಕದೆ ಇರುವುದು ಅವಳಂದುಕೊಂಡಷ್ಟು ಸುಲಭವಾಗಿರಲಿಲ್ಲ. ಅವನು ಅಕ್ಷರವೊಂದರ ಮೇಲೆ ಸಿಕ್ಕಿಕೊಂಡಾಗ ಪದ ತುಟಿಗೆ ಬಂದು ನಿಲ್ಲುತ್ತಿತ್ತು. ಸೆರಗು ಬಾಯಿಗೆ ತುರುಕಿಕೊಂಡು ಕೂತಳು. ಮೇಲಿನ ಮನೆಯವರು ನೀರಿನ ಕ್ಯಾನು ಹೊತ್ತು ದಾಟಿಹೋದರು. ಹತ್ತು ನಿಮಿಷವೋ ಹದಿನೈದೋ ಆದ ಮೇಲೆ ಒಂದು ವಾಕ್ಯ ಪೂರ್ತಿ ಬಂತು.

"ಅಕ್ಕ, ಅವತ್ತು ನಾನು ಊಟ ಅಂದಿರಲಿಲ್ಲ."

"ಮತ್ತೆ?"

"ಉ... ಉಸಿರು. ಉಸಿರು ಸಾಲ್ತಿಲ್ಲ ಅಂತ ಹೇಳೋಕೆ ಹೋದೆ."

ಉಳಿದದ್ದನ್ನು ಅವನು ಒಂದು ಗಂಟೆ ತೆಗೆದುಕೊಂಡು ಹೇಳಿದ. ಕಲ್ಲು ಕೊಯ್ಯುವಾಗ ಏಳುವ ಬಿಳಿ ಪುಡಿ ಹಿಟ್ಟಿನಷ್ಟು ನಯ. ಗರಗಸಕ್ಕೆ ನೀರು ಬಿಟ್ಟುಕೊಂಡು ಕೊಯ್ಯಬೇಕು, ಆದರೆ ನೀರು ಬಿಟ್ಟರೆ ನೆಲ ಕೆಸರಾಗುತ್ತದೆ, ಕೆಲಸ ನಿಧಾನವಾಗುತ್ತದೆ ಎಂದು ಮಾಲೀಕ ಒಣಗಲ್ಲನ್ನೇ ಕೊಯ್ಯಿಸುತ್ತಿದ್ದ. ಮೂಗಿಗೆ ಕೊಟ್ಟದ್ದು ತೆಳ್ಳಗಿನ ಬಟ್ಟೆ. ಶ್ವಾಸಕೋಶದ ತುಂಬ ಕಲ್ಲು ಕೂತಿದೆ, ತೆಗೆಯುವ ಮದ್ದು ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವನ ಪಕ್ಕದಲ್ಲಿ ಪಾಲಿಶ್ ಮಾಡುತ್ತಿದ್ದ ಮುದುಕ ಬೇಸಿಗೆಯಲ್ಲೇ ಸತ್ತಿದ್ದ.

"ಮತ್ತೆ ಹೂಂ ಅಂದೆಯಲ್ಲೋ. ಅಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?"

"ನಿಂದು ನಿಮಿಷ ಹೋಗ್ತಿತ್ತು," ಎಂದ ಅವನು.

ಅವಳು ಆ ದಿನ ಮೆಟ್ಟಿಲ ಮೇಲಿಂದ ಏಳಲೇ ಇಲ್ಲ. ಗಂಡ ಎದ್ದು ಬಂದು ಕರೆದಾಗ, "ಬೇಳೆ ನೆನೆಹಾಕೋದು ಹೇಳಿಕೊಟ್ಟೆ ಕಣ್ರೀ, ಬೇಳೆ ನೆನೆಹಾಕೋದು," ಎಂದಷ್ಟೇ ಹೇಳಿದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ಪಕ್ಕದಲ್ಲೇ ಕೂತ.

ಅಲ್ಲಿಂದಾಚೆ ಅವಳು ಆ ದೇಶಕ್ಕೆ ಹೋಗುವ ಅನುಮತಿಗೆ ಅಲೆದಳು. ಸರತಿ ಸಾಲು, ಫೋಟೊ, ಬೆರಳಚ್ಚು, ರೋಗಿಯ ಸ್ವಂತ ಅಕ್ಕ ಎನ್ನುವುದಕ್ಕೆ ಪುರಾವೆ. ಕಿಟಕಿಯಾಚೆಯ ಗುಮಾಸ್ತೆ ಪ್ರತಿ ಸಲವೂ ಒಂದೊಂದು ಕಾಗದ ಕಮ್ಮಿಯಿದೆ ಎನ್ನುತ್ತಿದ್ದಳು. ಲಾಂಡ್ರಿಯಲ್ಲಿ ಏಣಿ ಅವಳ ಪಾಲಿನ ಕೆಲಸವನ್ನೂ ಹೊತ್ತುಕೊಂಡು, "ನೀನು ಹೋಗು, ಸೂಪರ್‌ವೈಸರ್ ಮುಖ ನಾನು ನೋಡ್ಕೋತೀನಿ," ಎಂದು ಕಳಿಸುತ್ತಿದ್ದಳು.

ತಮ್ಮ ಆಸ್ಪತ್ರೆ ಸೇರಿದ. ಈಗ ಫೋನು ಭಾನುವಾರಕ್ಕೆ ಕಾಯಲಿಲ್ಲ. ದಿನಾ ಮಧ್ಯಾಹ್ನ ಬರುತ್ತಿತ್ತು. ಉಸಿರು ಕುಗ್ಗಿದಂತೆ ಅವನ ಧ್ವನಿ ಪಿಸುಮಾತಿಗೆ ಇಳಿಯಿತು. ಪಿಸುಮಾತಿನಲ್ಲಿ ಉಗ್ಗು ಬರಲಿಲ್ಲ. ಮೊದಲ ದಿನವೇ ಇಬ್ಬರೂ ಅದನ್ನು ಗಮನಿಸಿದರು. ಅವನು, "ನೋಡ್ದ್ಯಾ, ಈಗ ಸರಿಹೋಯ್ತು," ಎಂದು ಪಿಸುಗುಟ್ಟಿ ನಗಲು ಹೋಗಿ ಕೆಮ್ಮಿದ.

ಅವಳು ಒಂದು ಕಿವಿ ಮುಚ್ಚಿಕೊಂಡು ಇನ್ನೊಂದಕ್ಕೆ ಫೋನ್ ಒತ್ತಿ ಹಿಡಿದು ಕೇಳುತ್ತಿದ್ದಳು. ಅವನು ಆ ಹತ್ತು ವಾರದಲ್ಲಿ ಆಡಿದಷ್ಟು ಮಾತು ಹಿಂದಿನ ಮೂವತ್ತು ವರ್ಷದಲ್ಲಿ ಆಡಿರಲಿಲ್ಲ. ಬೇಕರಿಯ ಒಬ್ಬ ಹೆಂಗಸಿನ ವಿಷಯ ಹೇಳಿದ. ಅವಳ ಅಂಗಡಿಯಲ್ಲಿ ಬೇಕಾದ್ದನ್ನು ಬೆರಳಲ್ಲಿ ತೋರಿಸಿದರೆ ಸಾಕಿತ್ತಂತೆ. ಅವಳು ಅವನ ಬಾಯಿ ನೋಡುತ್ತಾ ನಿಲ್ಲುತ್ತಿರಲಿಲ್ಲವಂತೆ. ಅದಕ್ಕೇ ಎರಡು ವರ್ಷ ದಿನಾ ಬ್ರೆಡ್ ತಿಂದೆ ಎಂದ. ಮೇಷ್ಟ್ರಿಗೆ ಅವಳು ಅವನ ಪರವಾಗಿ ಹೇಳಿದ ಉತ್ತರಗಳಲ್ಲಿ ಅರ್ಧಕ್ಕರ್ಧ ತಪ್ಪಾಗಿದ್ದವು ಎಂದೂ ಹೇಳಿದ.

"ಏಟು ಮಾತ್ರ ನನಗೆ ಬೀಳ್ತಿತ್ತು," ಎಂದ.

"ಯಾಕೋ ಇಷ್ಟು ದಿನ ಹೇಳಲಿಲ್ಲ?"

"ಸಂದು ಎಲ್ಲಿ ಕೊಟ್ಟೆ?"

ಅವಳು ನಕ್ಕಳು.

ಕೊನೆಯ ಒಂದು ವಾರ ಪಿಸುಮಾತೂ ನಿಂತಿತು. ಡ್ರೈವರ್ ಫೋನನ್ನು ಅವನ ಕಿವಿಯ ಹತ್ತಿರ ಇಡುತ್ತಿದ್ದ. ಇವಳು ದಿನವಿಡೀ ನಡೆದದ್ದನ್ನು ಹೇಳುತ್ತಿದ್ದಳು: ರೋಲರು ಕೆಟ್ಟದ್ದು, ಗಂಡ ಕಾವಲು ಕೂತಲ್ಲೇ ತೂಕಡಿಸಿ ಬೈಸಿಕೊಂಡದ್ದು, ಗುಮಾಸ್ತೆ ಈ ಸಲ ಕಾಗದವನ್ನೆಲ್ಲ ತೆಗೆದುಕೊಂಡದ್ದು.

ಸೋಮವಾರ ಮಧ್ಯಾಹ್ನ ಎಂದಿನಂತೆ ಫೋನು ಬಂತು. ಅವಳು ಎತ್ತಿ, ಇವತ್ತಾದರೂ ಅವನೇ ಮೊದಲು ಏನಾದರೂ ಪಿಸುಗುಟ್ಟಿಯಾನು ಎಂದು ಕಾದಳು.

"ಅಕ್ಕ, ನಾನು ಡ್ರೈವರ್ ಮಾತಾಡ್ತಿರೋದು," ಎಂದಿತು ಧ್ವನಿ. "ಬೆಳಿಗ್ಗೆ ಹೋಗಿಬಿಟ್ಟ."

ಅನುಮತಿ ಪತ್ರ ಗುರುವಾರ ಕೈಗೆ ಸಿಕ್ಕಿತು. ಅಷ್ಟು ದಿನ ಶವ ಇಟ್ಟುಕೊಳ್ಳಲು ಆಸ್ಪತ್ರೆ ಒಪ್ಪಿರಲಿಲ್ಲ, ಊರಿಗೆ ಕಳಿಸಲು ಕಾರ್ಖಾನೆ ಒಪ್ಪಿರಲಿಲ್ಲ. ಬುಧವಾರವೇ ಮಣ್ಣು ಮಾಡಿದ್ದರು. ಆಗ ಅವಳ ಮಾತಿನಂತೆ ಡ್ರೈವರ್ ಫೋನನ್ನು ಗುಂಡಿಯ ಪಕ್ಕದಲ್ಲಿ ನೆಲದ ಮೇಲಿಟ್ಟಿದ್ದ. ಅವಳು ಮೆಟ್ಟಿಲ ಮೇಲೆ ಕೂತು ಕೇಳಿದಳು. ಗಾಳಿ ಬೀಸುತ್ತಿತ್ತು. ಗುದ್ದಲಿ ಕಲ್ಲಿಗೆ ತಾಗುತ್ತಿತ್ತು. ಮಣ್ಣು ಬೀಳುವ ಸದ್ದು ಮೊದಮೊದಲು ಟೊಳ್ಳಾಗಿ, ಆಮೇಲಾಮೇಲೆ ಗಟ್ಟಿಯಾಗಿ ಕೇಳಿಸಿತು. ಯಾರೋ ಇಬ್ಬರು ಅವಳಿಗೆ ತಿಳಿಯದ ಭಾಷೆಯಲ್ಲಿ ಮಳೆಯದ್ದೋ ಸಂಬಳದ್ದೋ ಮಾತಾಡಿಕೊಂಡರು. ನಲವತ್ತು ನಿಮಿಷ ಹಿಡಿಯಿತು. ಗಂಡ ಹಿಂದಿನ ಮೆಟ್ಟಿಲಲ್ಲಿ ಕೂತು ಅವಳ ಭುಜ ಹಿಡಿದುಕೊಂಡಿದ್ದ.

ಅನುಮತಿ ಪತ್ರವಿತ್ತಲ್ಲ, ಹಾಗಾಗಿ ಅವಳು ಹೋಗಿಯೇ ಹೋದಳು. ಸಮಾಧಿ ನೋಡಿದಳು. ಮಾರನೆಯ ದಿನ ಆಸ್ಪತ್ರೆಯವರು ಕೊಟ್ಟ, ತಮ್ಮನ ಎಕ್ಸ್-ರೇ ಇದ್ದ ಲಕೋಟೆ ಹಿಡಿದು ಡ್ರೈವರ್ ಜೊತೆ ಆ ದೇಶದ ಕಾರ್ಮಿಕ ಕಚೇರಿಗೆ ಹೋದಳು. ಮಾಲೀಕ ಸಹಜ ಸಾವು ಎಂದು ಬರೆದುಕೊಟ್ಟಿದ್ದ. ಅವಳು ಒಣಗಲ್ಲಿನ ಕೊಯ್ತ, ತೆಳ್ಳಗಿನ ಬಟ್ಟೆ, ಬೇಸಿಗೆಯಲ್ಲಿ ಸತ್ತ ಮುದುಕ, ಎಲ್ಲವನ್ನೂ ತಮ್ಮ ಹೇಳಿದ ಅನುಕ್ರಮದಲ್ಲೇ ಹೇಳಿದಳು, ಡ್ರೈವರ್ ಅವರ ಭಾಷೆಗೆ ತಿರುಗಿಸಿದ. ಅಧಿಕಾರಿ ಬರೆದುಕೊಂಡ.

ವರ್ಷ ಒಂದಾದರೂ ಅಲ್ಲಿಂದ ಉತ್ತರವಿಲ್ಲ. ಕಾರ್ಖಾನೆಯ ಏಳು ಗರಗಸಗಳಲ್ಲಿ ಎರಡಕ್ಕೆ ನೀರಿನ ಪೈಪು ಹಾಕಿದ್ದಾರೆ ಎಂದು ಮೊನ್ನೆ ಡ್ರೈವರ್ ಹೇಳಿದ. ಉಳಿದ ಐದರ ಮುಂದೆ ಯಾರು ನಿಲ್ಲುತ್ತಾರೆ ಎಂದು ಅವಳು ಕೇಳಿದಳು. ಹೊಸಬರು ಎಂದ.