ಎಂಟು ದಿನದ ಬೆಳ್ತಿಗೆ ಅನ್ನ

ಇವತ್ತು ಬೆಳಿಗ್ಗೆ ಬಾವಿಯ ಹಗ್ಗ ಬದಲಾಯಿಸಿದೆ. ಬಚ್ಚಲ ಹಂಡೆಗೆ ನೀರು ತುಂಬಿಸಿದೆ. ಲಾಟೀನಿನ ಗಾಜನ್ನು ಬೂದಿ ಹಾಕಿ ಒರಸಿದೆ. ಇಪ್ಪತ್ತಮೂರು ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಮಾಡಿನ ಪಕ್ಕಾಸಿನ ಮರಕ್ಕೆ, ಕೆಡದಿರಲೆಂದು, ತೂಗುಹಾಕಿದೆ. ಒಂದು ನನ್ನ ತಲೆಯ ಮೇಲೇ ಬಿತ್ತು. ಇಷ್ಟೆಲ್ಲ ಮಾಡಿ ಮಧ್ಯಾಹ್ನ ಊಟಕ್ಕೆ ಕೂತರೆ ಬಟ್ಟಲಿಗೆ ಬಿದ್ದದ್ದು ಮತ್ತೆ ಬೆಳ್ತಿಗೆ ಅನ್ನ.

ನರಿಕೊಂಬಿನ ನಮ್ಮ ಮನೆಯಲ್ಲಿ ದಿನದ ಊಟಕ್ಕೆ ಕೆಂಪು ಕುಚ್ಚಿಲಕ್ಕಿ. ಬಿಳಿಯ ಬೆಳ್ತಿಗೆ ಹಬ್ಬಕ್ಕೆ ಮತ್ತು ನೆಂಟರಿಗೆ. ಹಬ್ಬ ಯಾವುದೂ ಇರಲಿಲ್ಲ. ಹಾಗಾದರೆ ಈ ಮನೆಯಲ್ಲಿ ನಾನು ಯಾರು? ವೇದಾಂತಿಗಳು ಬೆಟ್ಟ ಹತ್ತಿ ಕೇಳಿಕೊಳ್ಳುವ ಪ್ರಶ್ನೆ ನನಗೆ ಎಂಟು ದಿನಗಳಿಂದ ಬಟ್ಟಲಲ್ಲೇ ಎದುರಾಗುತ್ತಿತ್ತು.

ಬಂಟ್ವಾಳದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನನ್ನನ್ನು, ನಲವತ್ತಾರನೆಯ ವಯಸ್ಸಿನಲ್ಲಿ, ಒಂದು ಟರ್ಮಿನ ಮಟ್ಟಿಗೆ ಇಂಗ್ಲೆಂಡಿಗೆ ಕಲಿಯಲು ಕಳಿಸಿದ್ದರು. ಅಲ್ಲಿ ಬಸ್ಸಿನ ಕಂಡಕ್ಟರ್ ನನ್ನಿಂದ ಚಿಲ್ಲರೆ ತೆಗೆದುಕೊಂಡು ನನಗೇ ಥ್ಯಾಂಕ್ಸ್ ಹೇಳುತ್ತಿದ್ದ. ನಾನಿದ್ದ ಮನೆಯ ಮುದುಕಿ ಉಂಡ ತಟ್ಟೆ ಕೊಟ್ಟರೂ ಹೇಳುತ್ತಿದ್ದಳು. ಮೊದಲ ತಿಂಗಳು ನಾನು ಸುಮ್ಮನಿದ್ದೆ. ಊಟ ಹಿಡಿಸುವುದಿಲ್ಲವೇ ಎಂದು ಅವಳು ಒಂದು ದಿನ ನೊಂದುಕೊಂಡು ಕೇಳಿದ ಮೇಲೆ ಕಷ್ಟಪಟ್ಟು ಕಲಿತೆ. ಉಪ್ಪು ಖಾರ ಎರಡೂ ಇಲ್ಲದ ಎಲೆಕೋಸಿಗೂ ‘ಬಹಳ ಚೆನ್ನಾಗಿದೆ, ಥ್ಯಾಂಕ್ಸ್’ ಎಂದೆ. ನಾನು ನಿಜವಾಗಿ ಪಾಸಾದ ವಿಷಯ ಅದೊಂದೇ ಇರಬೇಕು.

ಹಡಗಿಳಿದು, ಬಸ್ಸಿನಲ್ಲಿ ಕುಲುಕಾಡಿ ಮನೆ ಮುಟ್ಟಿದಾಗ ಹೆಂಡತಿ ಸುಂದರಿ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ಬಿಸಿಲಲ್ಲಿ ಬಂದವರಿಗೆ ಕೊಡುವುದು ನಮ್ಮಲ್ಲಿ ವಾಡಿಕೆ. ನಾನು ‘ಥ್ಯಾಂಕ್ಸ್’ ಎಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಒಳಗೆ ಹೋಗಿ ಬೆಳ್ತಿಗೆ ಅಕ್ಕಿ ಅಳೆದಳು.

ಪುರಾಣಗಳಲ್ಲಿ ಬಂದವರಿಗೆಲ್ಲ ಅರ್ಘ್ಯ, ಪಾದ್ಯ ಕೊಟ್ಟ ವಿವರ ಉಂಟು. ದೂರದಿಂದ ಮರಳಿದ ಗಂಡ ಗಂಜಿಗಾಗಿ ಕಾದ ಕಥೆಯನ್ನು ಮಾತ್ರ ಯಾವ ಋಷಿಯೂ ಬರೆದಿಟ್ಟಂತಿಲ್ಲ. ಕುಚ್ಚಿಲು ಬೇಕೆಂದು ಬಾಯಿಬಿಟ್ಟು ಕೇಳಬಹುದಿತ್ತು. ಆದರೆ ಕೊಟ್ಟದ್ದನ್ನು ಹೊಗಳಿ ತಿನ್ನುವ ವಿದ್ಯೆ ಅಷ್ಟರಲ್ಲಿ ಮೈಗೆ ಹತ್ತಿತ್ತು. ಕೇಳುವ ಬದಲು ಕೆಲಸ ಮಾಡಿ ಮನೆಯವನೆನಿಸಿಕೊಳ್ಳಲು ಹೊರಟೆ. ಬಾವಿಯ ಹಗ್ಗ, ಸೌತೆಕಾಯಿ ಎಲ್ಲ ಅದರ ಫಲ.

ಇವತ್ತು ಸಾರು ಬಾಯಿಗಿಟ್ಟಾಗ ತಲೆ ಇನ್ನೂ ನೋಯುತ್ತಿತ್ತು. ಕಲಿತ ಮರ್ಯಾದೆ ಮರೆತುಹೋಯಿತು.

“ಇದಕ್ಕೆ ಉಪ್ಪು ಹಾಕಿದ್ದೀಯಾ, ಇಲ್ವಾ?” ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

ವೀಳ್ಯ ಕುಟ್ಟುತ್ತಿದ್ದ ಅಮ್ಮ ಕೈ ನಿಲ್ಲಿಸಿದರು. “ಬಂದ ನೋಡು ಸುಂದರಿ.”

“ಯಾರು?” ಎಂದು ನಾನು ಬಾಗಿಲ ಕಡೆ ತಿರುಗಿದೆ.

“ಇವಳ ಗಂಡ ಮಾರಾಯ. ಎಂಟು ದಿನ ತಡ ಆಯ್ತು.”

ಸುಂದರಿ ಸೆರಗಿನಲ್ಲಿ ಬಾಯಿ ಒತ್ತಿಕೊಂಡಳು. “ನಾಲ್ಕು ದಿನದಿಂದ ನಿಮ್ಮ ಬಟ್ಟಲಿನ ಸಾರಿಗೆ ಉಪ್ಪೇ ಹಾಕ್ಲಿಲ್ಲ ನಾನು. ಲಾಯ್ಕುಂಟು, ಲಾಯ್ಕುಂಟು ಅಂತ ತಿಂದದ್ದೇ ತಿಂದದ್ದು ನೀವು. ನೆಂಟರಿಗೆ ಕುಚ್ಚಿಲು ಹೇಗೆ ಬಡಿಸುವುದು?”

“ಏನಾಯ್ತು ಅಂತ ಕೇಳಬಹುದಿತ್ತಲ್ಲ.”

“ನೀವು ಬೈಯಬಹುದಿತ್ತಲ್ಲ.”

ಆ ಮುದುಕಿಯ ಥ್ಯಾಂಕ್ಸ್ ಸುಳ್ಳೆಂದು ನಾನು ಹೇಳಲಾರೆ. ಗುರುತಿಲ್ಲದ ಊರಿನಲ್ಲಿ ಅದು ನನಗೆ ಕೊಡೆಯಂತೆ ಒದಗಿತ್ತು. ಆದರೆ ಮನೆಗೆ ಬಂದವನು ಕೊಡೆಯನ್ನು ಜಗಲಿಯ ಮೂಲೆಯಲ್ಲಿಟ್ಟು ಒಳಗೆ ಬರಬೇಕು. ನಾನು ಅದನ್ನು ಬಿಡಿಸಿಕೊಂಡೇ ಅಡುಗೆಮನೆಯಲ್ಲಿ ತಿರುಗುತ್ತಿದ್ದೆ.

ರಾತ್ರಿ ಕುಚ್ಚಿಲಕ್ಕಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ. ಎರಡನೆಯ ಸಲ ಬಡಿಸಿದಾಗ ನಾಲಿಗೆಯ ತುದಿಗೆ ಬಂದದ್ದನ್ನು ಗಂಜಿಯ ಜೊತೆ ನುಂಗಿದೆ. ಎಂಟು ದಿನವೂ ಸುಂದರಿ ನಾನು ಮಲಗಿದ ಮೇಲೆಯೇ ಮಲಗುತ್ತಿದ್ದಳು. ಇವತ್ತು, ಬಾಗಿಲಿಗೆ ಅಗಳಿ ಹಾಕಲು ನನಗೆ ಹೇಳಿ, ನನಗಿಂತ ಮೊದಲೇ ನಿದ್ದೆಹೋದಳು.