ಸ್ಲೈಡರ್ ದೊಡ್ಡಮ್ಮ
ನಂಟರಿಷ್ಟರಲ್ಲಿ ಯಾರ ಮನೆಯ ಪಾರ್ಟಿಯಾದರೂ ಅಡುಗೆಮನೆಯ ಯಜಮಾನಿಕೆ ಸ್ಲೈಡರ್ ದೊಡ್ಡಮ್ಮನದೇ. ಸ್ಲೈಡರ್ ಎಂಬ ಪುಟಾಣಿ ಬರ್ಗರಿಗೆ ಪುಟ್ಟ ಬನ್ನುಗಳು ಒಂದಕ್ಕೊಂದು ಅಂಟಿಕೊಂಡೇ ಬರಬೇಕು. ಬೇಕರಿಯವನು ಬಿಡಿಸಿ ಕೊಟ್ಟರೆ ಅಲ್ಲೇ ಹಿಂದಿರುಗಿಸಿ ಬರುತ್ತಾರೆ. ಹಾಗೆ ಅಂಟಿಕೊಂಡ ಬನ್ನುಗಳ ಇಡೀ ಹಾಳೆಯನ್ನು ಉದ್ದ ಚಾಕುವಿನಿಂದ ಅಡ್ಡಲಾಗಿ ಸೀಳಿ, ಹಾಸಿಗೆ ಹಾಸಿದಷ್ಟು ಜತನದಿಂದ ಸಲಾಮಿ ಮಾಂಸದ ತೆಳು ಬಿಲ್ಲೆ, ಚೀಸು, ಆಲಿವ್ ಕಾಯಿ ಹರಡಿ, ಮೇಲಿನ ಪದರ ಮುಚ್ಚಿ, ಬೆಳ್ಳುಳ್ಳಿ ಬೆಣ್ಣೆ ಸವರಿ ಓವನ್ನಿಗೆ ಇಟ್ಟರೆಂದರೆ ಮುಗಿಯಿತು, ಆ ಗಾಜಿನ ಬಾಗಿಲ ಮುಂದಿನಿಂದ ಅವರನ್ನು ಎಬ್ಬಿಸಲು ಯಾರಿಂದಲೂ ಆಗದು. "ಅತ್ತೆ, ಅದೇನು ಓಡಿಹೋಗುತ್ತಾ?" ಎಂದು ಸೊಸೆ ಕಿಚಾಯಿಸಿದರೆ, "ನೀನು ಕಾಯೋದಾದ್ರೆ ಏಳ್ತೀನಿ, ಮೊಬೈಲ್ ಆಚೆ ಇಟ್ಟು ಬಾ" ಎನ್ನುತ್ತಾರೆ. ಇಷ್ಟೆಲ್ಲ ಅಚ್ಚುಕಟ್ಟಿನ ನಡುವೆಯೂ ಹಾಳೆಯ ಒಂದು ಮೂಲೆಗೆ ಮಾತ್ರ ಆಲಿವ್ ಬೀಳುವುದಿಲ್ಲ. ಕೇಳಿದರೆ "ಸಾಲಲಿಲ್ಲ" ಎನ್ನುತ್ತಾರೆ. ಅರ್ಧ ತುಂಬಿದ ಸೀಸೆ ಪಕ್ಕದಲ್ಲೇ ಇರುತ್ತದೆ. ಆಲಿವ್ ಕಂಡರಾಗದವಳು ಅವರ ತಂಗಿ. ತಾಯಿಯ ಹೊಲಿಗೆಯಂತ್ರ ಯಾರಿಗೆಂಬ ಮಾತಿನಲ್ಲಿ ಮುನಿದ ಅವಳು, ಅಕ್ಕ ಇರುವ ಯಾವ ಪಾರ್ಟಿಗೂ ಬರುವುದಿಲ್ಲ. ಮೊನ್ನೆ ತಂಗಿಯ ಮಗಳು ಒಬ್ಬಳೇ ಬಂದಿದ್ದಳು. ಅವಳು ಹೊರಟಾಗ ದೊಡ್ಡಮ್ಮ ಆ ಮೂಲೆಯದನ್ನು ಮತ್ತೆ ಬಿಸಿಮಾಡಿ, ಸುತ್ತಿ, ಕೈಗಿಟ್ಟರು. "ಅಮ್ಮನಿಗೆ ಕೊಡು. ನಾನು ಕೊಟ್ಟೆ ಅಂತ ಹೇಳ್ಬೇಡ." "ನಾನು ಹೇಳದಿದ್ರೂ ಗೊತ್ತಾಗುತ್ತೆ ದೊಡ್ಡಮ್ಮ. ಅಮ್ಮನಿಗೋಸ್ಕರ ಆಲಿವ್ ಬಿಟ್ಟು ಮಾಡೋರು ಇನ್ಯಾರಿದ್ದಾರೆ?" ಎಂದಳು ಹುಡುಗಿ. ದೊಡ್ಡಮ್ಮ ತಾವೇ ಬಾಗಿಲು ತೆರೆದು ಹಿಡಿದರು. "ಹಾಗಾದ್ರೆ ಬೇಗ ಹೋಗಮ್ಮ, ಆರೋದ್ರೊಳಗೆ."