ಮಗಳಿಗೆಷ್ಟು ‘ಮೀಟ್ ಔಟ್’?

ಇಂಗ್ಲಿಷಿನ ಕ್ರಿಯಾಪದಗಳಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ‘ಮೀಟ್ ಔಟ್’. ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು ಹೀಗೆ ಹೇಳಬಾರದು; ಆದರೂ ನಿಮ್ಮ ಹತ್ತಿರ ಮುಚ್ಚಿಡುವುದೇನು? ಶಿಕ್ಷೆ ವಿಧಿಸುವುದು ಎಂದು ಅದರ ಅರ್ಥ. ಭೇಟಿಯಾಗುವ ‘ಮೀಟ್’ಗೂ ಇದಕ್ಕೂ ನಂಟಿಲ್ಲ. ಈ ‘ಮೀಟ್’ ಎಂದರೆ ಹಿಂದೆ ಅಳೆಯುವುದು ಎಂದಿತ್ತಂತೆ. ಈಗ ಶಿಕ್ಷೆಯನ್ನೋ ನ್ಯಾಯವನ್ನೋ ಬಿಟ್ಟರೆ ಬೇರೇನನ್ನೂ ಅದು ಅಷ್ಟಾಗಿ ಅಳೆಯುವುದಿಲ್ಲ. ಸಿಹಿ ಹಂಚುವಾಗ ಬಳಸಿದರೆ ಮಕ್ಕಳು ಓಡಿಹೋದಾರು.

ಕಳೆದ ತಿಂಗಳು ಇದನ್ನೆಲ್ಲ ಒಂಬತ್ತನೇ ತರಗತಿಗೆ ವಿವರಿಸಿ ಬಂದೆ. ಅಂದೇ ಮಧ್ಯಾಹ್ನ ಆ ತರಗತಿಯ ಮೂವರು ಹುಡುಗಿಯರು ಗೇಟು ದಾಟಿ, ಬಸ್ ನಿಲ್ದಾಣದ ಹತ್ತಿರ ಚುರುಮುರಿ ತಿನ್ನುತ್ತ ಗಣಿತದ ಪೀರಿಯಡ್ಡಿಗೆ ಚಕ್ಕರ್ ಹೊಡೆದರು: ನಸೀಮಾ, ರಮ್ಯಾ, ಮತ್ತು ನನ್ನ ಮಗಳು ಸಿಂಚನಾ. ಹೆಡ್‌ಮಾಸ್ಟರು ಮೂವರನ್ನೂ ನನ್ನ ಮುಂದೆ ತಂದು ನಿಲ್ಲಿಸಿ, ಶಿಸ್ತಿನ ಜವಾಬ್ದಾರಿ ನಿಮ್ಮದೇ ಅಲ್ಲವೇ ಮೇಡಂ, ನೀವೇ ನೋಡಿಕೊಳ್ಳಿ ಎಂದು ಹೊರಟುಬಿಟ್ಟರು.

ಮನಸ್ಸಿನಲ್ಲೇ ಅಳೆಯತೊಡಗಿದೆ. ಮಗಳಿಗೆ ಕಡಿಮೆ ಕೊಟ್ಟರೆ ಸ್ಟಾಫ್ ರೂಮು ಆಡಿಕೊಳ್ಳುತ್ತದೆ. ಹೆಚ್ಚು ಕೊಟ್ಟರೆ ರಾತ್ರಿ ನನ್ನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಸಮವಾಗಿ ಕೊಟ್ಟರೂ, ಮಗಳಿಗೋಸ್ಕರ ಎಲ್ಲರಿಗೂ ಇಳಿಸಿದಳು ಎಂಬ ಮಾತು ಬಂದೇ ಬರುತ್ತದೆ. ಕೊನೆಗೆ ಆ ಭಯವೇ ನನ್ನ ಬಾಯಲ್ಲಿ ತೀರ್ಪು ಹೇಳಿಸಿತು. ಆಟದ ಪೀರಿಯಡ್ಡಿನಲ್ಲಿ ಗಿಡಗಳಿಗೆ ನೀರು ಹಾಕಬೇಕು. ಉಳಿದಿಬ್ಬರು ಒಂದು ದಿನ, ಸಿಂಚನಾ ಒಂದು ವಾರ.

ಮಗಳು ನೆಲ ನೋಡುತ್ತ ನಿಂತಳು. ನಸೀಮಾ ಒಂದು ಹೆಜ್ಜೆ ಮುಂದೆ ಬಂದಳು.

“ನಮ್ಗೂ ವಾರಾನೇ ಕೊಟ್ಬುಡಿ ಮಿಸ್. ಚುರುಮುರಿ ಮೂರು ಜನಾನೂ ಸಮಕ್ಕೇ ತಿಂದ್ವಿ.”

ರಮ್ಯಾಳೂ ಹೌದೆಂದು ತಲೆಯಾಡಿಸಿದಳು. ಕೊಟ್ಟ ತೀರ್ಪನ್ನು ತಿದ್ದುವುದು ಮುಜುಗರವೇ, ಆದರೂ ತಿದ್ದಿದೆ. ಮೂವರಿಗೂ ಎರಡೆರಡು ದಿನ. ಸ್ಟಾಫ್ ರೂಮು ಆಡಿಕೊಂಡಿತು. ಅದು ಹೇಗಿದ್ದರೂ ತಪ್ಪುತ್ತಿರಲಿಲ್ಲವೆಂದು ಆಗ ತಿಳಿಯಿತು.

ಸಂಜೆ ಮನೆಗೆ ಹೋಗುವ ಹುಣಸೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು, ಸಿಂಚನಾ ಬಂದು ಕೂರುತ್ತಾಳೋ ಇಲ್ಲವೋ ಎಂದು ಬಾಗಿಲನ್ನೇ ನೋಡುತ್ತಿದ್ದೆ. ಹತ್ತಿದವಳು ಖಾಲಿ ಸೀಟುಗಳ ಮೇಲೆಲ್ಲ ಕಣ್ಣಾಡಿಸಿ, ಕೊನೆಗೆ ಬ್ಯಾಗನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಬಸ್ಸು ಊರು ದಾಟಿತು. ಆಮೇಲೆ ಕೇಳಿದಳು, “ಅಮ್ಮ, ಬಸ್ಸಲ್ಲಿ ನೀನು ಮಿಸ್ ಅಲ್ಲ ತಾನೆ?”

ಅಲ್ಲ ಎಂದೆ.

“ಅಂಗಾದ್ರೆ ಒಂದ್ ವಿಷ್ಯ ಹೇಳ್ತೀನಿ. ನಮ್ ಮಿಸ್ ಇವತ್ತು ನಮಗಿಂತ ಜಾಸ್ತಿ ಹೆದ್ರುಕೊಂಡಿದ್ರು ಕಣಮ್ಮ. ಪಾಪ ಅನ್ನಿಸ್ತು.”